ಸಾಸವಡದ ಬಿಸಿಲು, ಗಾಳಿ, ಮಳೆಗೆ ಯಾವ ಕಿಟಕಿ? ಮರವೋ, ಯುಪಿವಿಸಿಯೋ

ಕಿಟಕಿ ಬದಲಿಸಬೇಕೆಂದು ತೀರ್ಮಾನಿಸಿದವರು ಮೊದಲು ಹೋಗುವುದು ಅಂಗಡಿಗೆ. ಅಲ್ಲಿ ಬೆಳ್ಳಗೆ ಹೊಳೆಯುವ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಒಂದು ಬೆರಳಿನಲ್ಲಿ ನೂಕಿದರೆ ಸರ್ರನೆ ಸರಿಯುತ್ತದೆ. ಮನೆಯಲ್ಲಿರುವುದೋ, ಮಳೆಗಾಲದಲ್ಲಿ ಭುಜ ಕೊಟ್ಟು ತಳ್ಳಿದರೂ ಕೂಡದ ಮರದ ಕಿಟಕಿ. ಹೋಲಿಕೆ ಅಲ್ಲೇ ಮುಗಿದು ಮುಂಗಡ ಕೊಟ್ಟು ಬರುತ್ತಾರೆ. ಆಮೇಲೆ ಬಡಗಿ ಬಂದು ಹಳೆಯ ಚೌಕಟ್ಟನ್ನು ಕಿತ್ತಾಗ, ಒಳಗಿನ ಮರ ಇನ್ನೂ ಐವತ್ತು ವರ್ಷ ಬಾಳುವಷ್ಟು ಗಟ್ಟಿಯಾಗಿದ್ದದ್ದು ಕಾಣುತ್ತದೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಲೇಖನ ಆ ಮುಂಗಡಕ್ಕೆ ಮುಂಚಿನ ಒಂದು ವಾರಕ್ಕಾಗಿ. ಪುಣೆಯಲ್ಲಿ ದುಡಿದು ದಿವೆ ಘಾಟಿನಾಚೆ ಸಾಸವಡದಲ್ಲಿ ಮನೆ ಮಾಡಿಕೊಂಡ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಆದರೆ ವಿಜಯಪುರ, ಕಲಬುರಗಿ ಕಡೆಯ ಒಣ ಹವೆಯ ಊರುಗಳಿಗೂ ಇದರಲ್ಲಿ ಬಹುಪಾಲು ಒಪ್ಪುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಳೆಯ ಸಾಗುವಾನಿ ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಳ್ಳಿ. ಅದು ಹೋಗಿದ್ದರೆ ಒಳ್ಳೆಯ ಯುಪಿವಿಸಿ ಹಾಕಿಸಿ. ಅಗ್ಗಕ್ಕೆ ಸಿಗುವ ಹೊಸ ಹಸಿ ಮರವನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ.

ಊರಿನ ಹವೆ, ಊರಿನ ಗೋಡೆ

ಸಾಸವಡ ಕರ್ಹಾ ನದಿಯ ದಂಡೆಯ ಊರು, ಪುರಂದರ ತಾಲೂಕಿನ ಕೇಂದ್ರ. ಸಹ್ಯಾದ್ರಿಯ ಮಳೆನೆರಳಿನ ಕಡೆ ಇರುವುದರಿಂದ ಪುಣೆಗಿಂತ ಇಲ್ಲಿ ಮಳೆ ಕಡಿಮೆ. ಅಂಜೂರ, ಸೀತಾಫಲ ಚೆನ್ನಾಗಿ ಬರುವ ಒಣ ನೆಲ. ಬೇಸಿಗೆಯ ಧೂಳು ಜಾಸ್ತಿ, ಬಯಲಿನ ಗಾಳಿಯೂ ಜೋರು. ಮೇ ತಿಂಗಳಲ್ಲಿ ಇಲ್ಲಿಯವರು ‘ವಳೀವ’ ಎಂದು ಕರೆಯುವ ಗುಡುಗುಮಳೆ ಬಂದರೆ ಹನಿ ನೇರವಾಗಿ ಬೀಳುವುದಿಲ್ಲ, ಗೋಡೆಗೆ ಅಡ್ಡಡ್ಡ ಬಡಿಯುತ್ತದೆ. ಈ ಭಾಗದಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವಾಂಶ ಶೇ 25ರ ಆಸುಪಾಸಿಗೆ ಇಳಿಯುತ್ತದೆ, ಆಗಸ್ಟ್‌ನಲ್ಲಿ ಶೇ 80ರ ಆಸುಪಾಸಿಗೆ ಏರುತ್ತದೆ. ಕಿಟಕಿಯ ಚೌಕಟ್ಟನ್ನು ಪರೀಕ್ಷೆಗೆ ಒಡ್ಡುವುದು ಮಳೆಯ ಪ್ರಮಾಣಕ್ಕಿಂತ ಈ ಏರಿಳಿತವೇ.

ಮನೆಗಳಲ್ಲಿ ಇಲ್ಲಿ ಮೂರು ತಲೆಮಾರು ಕಾಣುತ್ತದೆ. ಹಳೆಯ ಪೇಟೆಯಲ್ಲಿ ಕಲ್ಲು, ಮಣ್ಣು, ಇಟ್ಟಿಗೆಯ ದಪ್ಪ ಗೋಡೆಯ ವಾಡೆಗಳು. ಪೇಶ್ವೆ ಕಾಲದ ಸರದಾರ ಪುರಂದರೆಯವರ ವಾಡೆಯ ಕೋಟೆಯಂಥ ಮುಂಭಾಗವನ್ನು ನೋಡಿದವರಿಗೆ ಆ ಕಾಲದ ಕಟ್ಟಡದ ಗತ್ತು ಗೊತ್ತಿರುತ್ತದೆ. ಪುಣೆಯಲ್ಲಿ ಪೇಶ್ವೆಗಳ ಶನಿವಾರವಾಡೆ 1732ರಲ್ಲಿ ಸಿದ್ಧವಾದಾಗ ಸಾಗುವಾನಿ ಬಂದದ್ದು ಜುನ್ನರದ ಕಾಡಿನಿಂದ, ಸುಣ್ಣ ಬಂದದ್ದು ಸಾಸವಡದ ನೆರೆಯ ಜೇಜುರಿಯಿಂದ. ಆ ಕಾಲದ ಮರಗೆಲಸದ ಪರಂಪರೆ ಸಣ್ಣ ಮನೆಗಳ ಕಿಟಕಿಗೂ ಇಳಿದು ಬಂದಿತ್ತು. ಎರಡನೆಯದು 1970ರಿಂದ 90ರವರೆಗಿನ ಇಟ್ಟಿಗೆ ಮನೆಗಳು. ಇವುಗಳಲ್ಲಿ ಮರದ ಚೌಕಟ್ಟೂ ಉಂಟು, ಜೆಡ್ ಆಕಾರದ ಕಬ್ಬಿಣದ ಪಟ್ಟಿಯ ಕಿಟಕಿಗಳೂ ಉಂಟು. ಮೂರನೆಯದು ಈಚಿನ ಫ್ಲ್ಯಾಟು, ಬಂಗಲೆಗಳು. ಸುತ್ತ ಗ್ರಾನೈಟ್ ಪಟ್ಟಿ ಕೂಡಿಸಿ ನಡುವೆ ಅಲ್ಯೂಮಿನಿಯಂ ಜಾರುಕಿಟಕಿ ಹಾಕಿದ್ದು. ಮರವೋ ಯುಪಿವಿಸಿಯೋ ಎಂಬ ಪ್ರಶ್ನೆ ಏಳುವುದು ಹೆಚ್ಚಾಗಿ ಮೊದಲ ಎರಡು ಬಗೆಯ ಮನೆಗಳಲ್ಲಿ.

ಮೊದಲು ಸ್ಕ್ರೂಡ್ರೈವರ್ ಹಿಡಿದು ಕಿಟಕಿಯ ಮುಂದೆ ಕೂತುಕೊಳ್ಳಿ

ಮರದ ಕಿಟಕಿ ಕೆಡುವುದು ಹೆಚ್ಚಾಗಿ ಕೆಳಗಿನಿಂದ. ಕೆಳಪಟ್ಟಿ, ಅದು ನಿಲುವು ಪಟ್ಟಿಗೆ ಕೂಡುವ ಎರಡು ಮೂಲೆ, ಬಾಗಿಲಿನ ಕೆಳಅಂಚು – ನೀರು ನಿಲ್ಲುವುದು ಅಲ್ಲಿಯೇ. ಚಪ್ಪಟೆ ತುದಿಯ ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಮೂಲೆಗಳಲ್ಲಿ ಒತ್ತಿ ನೋಡಿ. ಗಟ್ಟಿ ಮರದಲ್ಲಿ ತುದಿ ಗೀರು ಮಾಡಿ ನಿಲ್ಲುತ್ತದೆ. ಕೊಳೆತ ಮರದಲ್ಲಿ ಅರ್ಧ ಇಂಚು ಸಲೀಸಾಗಿ ಇಳಿಯುತ್ತದೆ, ಹೊರಗೆ ಬರುವಾಗ ಕಂದು ಪುಡಿ ಅಂಟಿಕೊಂಡು ಬರುತ್ತದೆ. ಆಮೇಲೆ ಬೆರಳ ಗೆಣ್ಣಿನಿಂದ ಚೌಕಟ್ಟಿನುದ್ದಕ್ಕೂ ತಟ್ಟುತ್ತಾ ಹೋಗಿ. ಟೊಳ್ಳು ದನಿ ಬಂದ ಕಡೆ ಗೆದ್ದಲು ಒಳಗಿನಿಂದ ತಿಂದಿರಬಹುದು. ಗೋಡೆಯ ಅಂಚಿನಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಸಂಶಯವೇ ಬೇಡ. ಸೂಜಿ ಚುಚ್ಚಿದಂಥ ಸಣ್ಣ ತೂತುಗಳು, ಕೆಳಗೆ ನುಣ್ಣನೆಯ ಹಿಟ್ಟು ಬಿದ್ದಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಅದು ತಿನ್ನುವುದು ಬಹುತೇಕ ಮರದ ಹೊರಪದರದ ಬಿಳಿ ಭಾಗವನ್ನು. ಒಳಗಿನ ಚೇಗು ಉಳಿದಿರುವ ಸಾಧ್ಯತೆ ಹೆಚ್ಚು.

ಬಣ್ಣ ಎದ್ದಿರುವುದು, ಗಾಜಿನ ಪುಟ್ಟಿ ಉದುರಿರುವುದು, ತಿರುಗಣೆ ಸಡಿಲವಾಗಿರುವುದು, ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದು – ಇವು ಯಾವುವೂ ಚೌಕಟ್ಟು ಸತ್ತಿದೆ ಎನ್ನುವುದಕ್ಕೆ ಲಕ್ಷಣವಲ್ಲ. ಎರಡು ದಿನದ ಬಡಗಿ ಕೆಲಸಕ್ಕೆ ಸರಿಹೋಗುವಂಥವು. ಕೆಳಪಟ್ಟಿ ಮಾತ್ರ ಹೋಗಿದ್ದರೆ ಅದನ್ನಷ್ಟೇ ಕೊಯ್ದು ಹೊಸ ತುಂಡು ಕೂಡಿಸಬಹುದು. ವಿಜಯಪುರ ಕಡೆಯ ಬಡಿಗೇರರೊಬ್ಬರು ಇಂಥದ್ದೇ ಒಂದು ಕಿಟಕಿಯ ಮುಂದೆ ನಿಂತು ಮನೆಯ ಯಜಮಾನರಿಗೆ ಹೇಳಿದ ಮಾತು ನನಗೆ ಇಡೀ ವಿಷಯದ ತಿರುಳು ಅನ್ನಿಸಿತು: “ಕಾಕಾ, ಇದು ಹಳೇ ಸಾಗವಾನಿ ಐತ್ರಿ. ಕೆಳಗಿನ ಪಟ್ಟಿ ಅಷ್ಟ ಹೋಗೇತಿ, ಅದನ್ನಷ್ಟ ಬ್ಯಾರೆ ಕೂಡಸ್ತೀನಿ. ಇಡೀ ಚೌಕಟ್ಟು ಕಿತ್ತರ ಗ್ವಾಡಿನೂ ಕೈಗೆ ಬರ್ತೈತಿ, ಇಂಥಾ ಮರಾನೂ ಮತ್ತ ಸಿಗಂಗಿಲ್ರಿ.”

ಗೋಡೆ ಕೈಗೆ ಬರುತ್ತದೆ ಎಂದದ್ದು ಹೆದರಿಸುವ ಮಾತಲ್ಲ. ಹಳೆಯ ಕಲ್ಲು-ಮಣ್ಣಿನ ಗೋಡೆಗಳಲ್ಲಿ ಕಿಟಕಿಯ ಮೇಲೆ ಕಾಂಕ್ರೀಟ್ ಲಿಂಟಲ್ ಇರುವುದಿಲ್ಲ, ಮರದ ತೊಲೆಗಳನ್ನು ಅಡ್ಡ ಮಲಗಿಸಿರುತ್ತಾರೆ. ಕಾಲ ಕಳೆದಂತೆ ಆ ತೊಲೆ ಬಾಗಿ ಮೇಲಿನ ಭಾರದ ಒಂದು ಪಾಲನ್ನು ಚೌಕಟ್ಟೇ ಹೊತ್ತಿರುತ್ತದೆ. ಅಂಥ ಚೌಕಟ್ಟನ್ನು ಆಧಾರ ಕೊಡದೆ ಕಿತ್ತರೆ ಮೇಲಿನ ಕಲ್ಲು ಜಾರುತ್ತದೆ. ಯುಪಿವಿಸಿ ಚೌಕಟ್ಟಿಗೆ ಆ ಭಾರ ಹೊರುವ ಶಕ್ತಿ ಇಲ್ಲ, ಹೊರಿಸಲೂ ಬಾರದು. ವಾಡೆಯ ಮನೆಯಲ್ಲಿ ಬದಲಿಸಲೇಬೇಕಾದರೆ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ, ಜಾಕ್ ಕೊಟ್ಟು, ಹೊಸ ಲಿಂಟಲ್ ಕೂಡಿಸಿ, ಆಮೇಲೆ ಕಿಟಕಿಯ ಮಾತು.

ಇನ್ನೊಂದು ಎಚ್ಚರಿಕೆ, ಮಕ್ಕಳಿರುವ ಮನೆಗಳಿಗೆ. ಮನೆ ಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಂಭವ ಇದೆ. ಹಳೆಯ ಕಿಟಕಿಯನ್ನು ಒಣಗಿದ್ದಾಗಲೇ ಮರಳುಕಾಗದ ಹಾಕಿ ತಿಕ್ಕಿದರೆ ಆ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಹಚ್ಚಿ ತಿಕ್ಕಿಸಿ, ಕೆಲಸದವರಿಗೆ ಮಾಸ್ಕ್ ಕೊಡಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಗೆ ಬಿಡಬೇಡಿ.

ಎರಡೂ ಹಿಗ್ಗುತ್ತವೆ, ಕಾರಣ ಬೇರೆ

ಮರ ಹಿಗ್ಗುತ್ತದೆ, ಯುಪಿವಿಸಿ ಹಿಗ್ಗುವುದಿಲ್ಲ ಎಂದು ಮಾರಾಟಗಾರರು ಹೇಳುವುದುಂಟು. ಇದು ಅರ್ಧ ನಿಜ. ಲೆಕ್ಕ ಹಾಕಿ ನೋಡೋಣ.

ಮರ ಹಿಗ್ಗುವುದು ತೇವದಿಂದ, ಅದೂ ಅಡ್ಡಗಲಕ್ಕೆ ಮಾತ್ರ. ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎರಡು ಬಾಗಿಲ ಕಿಟಕಿಯಲ್ಲಿ ನಿಲುವು ಪಟ್ಟಿ ನಾಲ್ಕು, ಒಂದೊಂದು ಮೂರು ಇಂಚು ಅಗಲ ಎನ್ನಿ. ಒಣಗಿದ ಸಾಗುವಾನಿಯ ಪಟ್ಟಿ ಏಪ್ರಿಲ್‌ನಿಂದ ಆಗಸ್ಟ್‌ಗೆ ಬರುವಷ್ಟರಲ್ಲಿ ಹೆಚ್ಚೆಂದರೆ ಒಂದು ಮಿಲಿಮೀಟರ್ ಅಗಲವಾಗುತ್ತದೆ. ನಾಲ್ಕು ಪಟ್ಟಿ ಸೇರಿ ಮೂರ್ನಾಲ್ಕು ಮಿಲಿಮೀಟರ್. ಮಳೆಗಾಲದಲ್ಲಿ ಕಿಟಕಿ ಹಿಡಿಯುವುದು ಇದರಿಂದ. ಸಾಗುವಾನಿ ಬೇರೆ ಮರಗಳಿಗಿಂತ ಕಡಿಮೆ ಆಡುವ ಮರ. ಅದಕ್ಕೇ ಅದಕ್ಕೆ ಅಷ್ಟು ಬೆಲೆ. ಅಗ್ಗದ ಮರವಾದರೆ ಇದರ ಒಂದೂವರೆ, ಎರಡು ಪಟ್ಟು ಆಡುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ.

ಯುಪಿವಿಸಿ ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ ಸುಮಾರು 0.07 ಮಿಲಿಮೀಟರ್. ಜನವರಿಯ ಬೆಳಗಿನ ಚಳಿಗೂ ಮೇ ತಿಂಗಳ ಸಂಜೆ ಬಿಸಿಲಿಗೆ ಕಾದ ಪಶ್ಚಿಮ ಗೋಡೆಯ ಚೌಕಟ್ಟಿಗೂ ನಡುವೆ 40 ಡಿಗ್ರಿ ಅಂತರ ಸಹಜ. ನಾಲ್ಕು ಅಡಿ, ಅಂದರೆ 1.2 ಮೀಟರ್ ಚೌಕಟ್ಟು ಆ ಅಂತರದಲ್ಲಿ ಮೂರೂವರೆ ಮಿಲಿಮೀಟರಿನಷ್ಟು ಆಡುತ್ತದೆ.

ಅಂದರೆ ಎರಡರ ಹಿಗ್ಗುವಿಕೆಯೂ ಹೆಚ್ಚುಕಡಿಮೆ ಒಂದೇ ಅಳತೆ. ಮರಕ್ಕೆ ಕಷ್ಟದ ತಿಂಗಳು ಜುಲೈ, ಯುಪಿವಿಸಿಗೆ ಮೇ. ಇದರಿಂದ ಎರಡು ಉಪಯೋಗದ ಮಾತು ಹೊರಡುತ್ತದೆ. ಮಳೆಗಾಲದಲ್ಲಿ ಹಿಡಿದುಕೊಂಡ ಮರದ ಬಾಗಿಲಿಗೆ ಆಗಲೇ ಕೀಸುಳಿ ಹಾಕಿಸಬೇಡಿ. ಜುಲೈನಲ್ಲಿ ಕೀಸಿದ್ದು ಏಪ್ರಿಲ್‌ನಲ್ಲಿ ಬೆರಳು ತೂರುವ ಸಂದಾಗುತ್ತದೆ. ದೀಪಾವಳಿ ಕಳೆಯಲಿ, ಆಗಲೂ ಹಿಡಿಯುತ್ತಿದ್ದರೆ ಕೀಸಿಸಿ. ಇನ್ನು ಯುಪಿವಿಸಿ ಕೂಡಿಸುವವರು ಚೌಕಟ್ಟನ್ನು ಗೋಡೆಗೆ ಬಿಗಿಯಾಗಿ ತುರುಕಿ ಸಿಮೆಂಟ್ ಮೆತ್ತಿದರೆ ತಡೆಯಿರಿ. ಸುತ್ತಲೂ ಐದರಿಂದ ಎಂಟು ಮಿಲಿಮೀಟರ್ ಸಂದು ಬಿಟ್ಟು, ಫೋಮ್ ತುಂಬಿ, ಹೊರಗೂ ಒಳಗೂ ಸಿಲಿಕೋನ್ ಎಳೆಯಬೇಕು. ಆ ಸಂದೇ ಅದಕ್ಕೆ ಮೇ ತಿಂಗಳಲ್ಲಿ ಹಿಗ್ಗಲು ಜಾಗ.

ಮನೆ ತಂಪಾಗಿಡುವುದರಲ್ಲೂ ಚೌಕಟ್ಟುಗಳ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ಮರ, ಯುಪಿವಿಸಿ ಎರಡೂ ಶಾಖವನ್ನು ಒಳಗೆ ಬಿಡುವುದರಲ್ಲಿ ಹತ್ತಿರ ಹತ್ತಿರ ಸಮ. ಅಲ್ಯೂಮಿನಿಯಂ ಇವುಗಳಿಗಿಂತ ಬಹಳ ಹೆಚ್ಚು ಬಿಡುತ್ತದೆ. ನಿಜವಾಗಿ ಸೆಕೆ ಒಳಬರುವುದು ಗಾಜಿನಿಂದ. ಹಾಗಾಗಿ ಸಾಸವಡದಲ್ಲಿ ಜೋಡಿ ಗಾಜಿಗೆ ಸುರಿಯುವ ಹಣದಲ್ಲಿ ಮೊದಲು ಪಶ್ಚಿಮದ ಕಿಟಕಿಗೆ ಎರಡು ಅಡಿಯ ಸಜ್ಜಾ ಕಟ್ಟಿಸಿ ಎಂಬುದು ನನ್ನ ಸಲಹೆ. ಸಜ್ಜಾ ಮಧ್ಯಾಹ್ನದ ಬಿಸಿಲನ್ನೂ ಅಡ್ಡಮಳೆಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಕೆಳಗಿರುವ ಚೌಕಟ್ಟು ಯಾವುದೇ ಇರಲಿ ಅದರ ಆಯುಸ್ಸು ಹೆಚ್ಚುತ್ತದೆ. ಜೋಡಿ ಗಾಜು ಬೇಕಾಗುವುದು ಎಸಿ ಹಾಕುವ ಕೋಣೆಗೆ, ಇಲ್ಲವೇ ಹೆದ್ದಾರಿಗೆ ಮುಖ ಮಾಡಿದ ಮಲಗುವ ಕೋಣೆಗೆ. ಜ್ಞಾನೇಶ್ವರ ಮಹಾರಾಜರ ಪಾಲಖಿ ಆಷಾಢದ ಯಾತ್ರೆಯಲ್ಲಿ ಇದೇ ದಾರಿಯಲ್ಲಿ ಬಂದು ಸಾಸವಡದಲ್ಲಿ ತಂಗುತ್ತದೆ. ಆ ಭಜನೆಯ ದನಿ ಮನೆಗೆ ಬರಲಿ. ಆದರೆ ವರ್ಷವಿಡೀ ಲಾರಿಗಳ ಹಾರನ್ ಕೇಳುವ ಮನೆಗಳಿಗೆ ರಬ್ಬರ್ ಪಟ್ಟಿ ಬಿಗಿಯಾಗಿ ಕೂಡುವ ಯುಪಿವಿಸಿಯಿಂದ ನಿಜಕ್ಕೂ ನೆಮ್ಮದಿ ಸಿಗುತ್ತದೆ. ಮರದ ಕಿಟಕಿ ಈ ಒಂದು ವಿಷಯದಲ್ಲಿ ಸೋಲುತ್ತದೆ, ಧೂಳಿನ ವಿಷಯದಲ್ಲೂ.

ಮರ ಕೊಳ್ಳುವವರಿಗೆ

ಹೊಸ ಮರವೇ ಬೇಕು ಎನ್ನುವವರು ದಿವೆ ಘಾಟ್ ಇಳಿದು ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ಗೆ ಹೋಗುತ್ತಾರೆ. ಅಲ್ಲಿ ಸಾಗುವಾನಿ ಎಂಬ ಒಂದೇ ಹೆಸರಿನಲ್ಲಿ ಹತ್ತು ಬಗೆಯ ಮಾಲು ನಿಂತಿರುತ್ತದೆ. ಬರ್ಮಾ ಸಾಗುವಾನಿ ಎಂದು ಹೇಳಿ ಬೆಲೆ ಏರಿಸುವವರನ್ನು ಕೇಳಿ ನೋಡಿ: ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ಇಡೀ ದಿಮ್ಮಿಗಳ ರಫ್ತನ್ನು ನಿಲ್ಲಿಸಿದೆ. ಇಂದು ಬರುವ ಹೊರದೇಶದ ಸಾಗುವಾನಿಯಲ್ಲಿ ಬಹಳಷ್ಟು ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಟಗಳದ್ದು. ಎಳೆಯ ಮರವಾದ್ದರಿಂದ ಅದರಲ್ಲಿ ಬಿಳಿ ಭಾಗ ಹೆಚ್ಚು, ಚೇಗು ಕಡಿಮೆ. ನಮ್ಮ ದಾಂಡೇಲಿಯ ಸಾಗುವಾನಿ, ಚಂದ್ರಪುರದ ಬಲ್ಲಾರಶಾ ಕಡೆಯ ಸಾಗುವಾನಿ ಕಿಟಕಿಗೆ ಒಳ್ಳೆಯವು.

ತುಂಡಿನ ಅಡ್ಡಕೊಯ್ತದ ತುದಿಯನ್ನು ನೋಡಿ. ಹೊಂಗಂದು ಬಣ್ಣದ ಚೇಗಿನ ಸುತ್ತ ಬಿಳಿ ಅಂಚು ಕಂಡರೆ ಆ ಅಂಚನ್ನು ಗೆದ್ದಲಿಗೆಂದೇ ಕೊಂಡಂತೆ. ಹೊಸದಾಗಿ ಕೀಸಿದ ಸಾಗುವಾನಿ ಮುಟ್ಟಿದರೆ ಎಣ್ಣೆ ಹಚ್ಚಿದಂತೆ ಜಿಡ್ಡು, ಮೂಸಿದರೆ ಚರ್ಮದಂಥ ವಾಸನೆ. ಪಾಲಿಶ್ ಹಾಕಿಟ್ಟ ಮಾಲನ್ನು ಕೊಳ್ಳಬೇಡಿ. ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯ ಒಣಗಿರುವುದು. ತೇವ ಅಳೆಯುವ ಸಣ್ಣ ಮೀಟರ್ ಈಗ ಬಡಗಿಗಳ ಹತ್ತಿರವೂ ಇರುತ್ತದೆ. ಎರಡು ಮುಳ್ಳು ಮರಕ್ಕೆ ಚುಚ್ಚಿದರೆ ತೇವದ ಶೇಕಡಾ ಅಂಕಿ ತೋರಿಸುತ್ತದೆ. ಈ ಒಣ ಪ್ರದೇಶದ ಕಿಟಕಿಗೆ 12ರ ಆಸುಪಾಸು ಇದ್ದರೆ ಒಳ್ಳೆಯದು. 20 ತೋರಿಸಿದರೆ ಆ ಮರ ನಿಮ್ಮ ಗೋಡೆಯಲ್ಲಿ ಕೂತು ಒಣಗುತ್ತದೆ, ಒಣಗುವಾಗ ಸೀಳುತ್ತದೆ. ‘ಜಂಗಲಿ ಮರ’ ಎಂದು ಹೆಸರಿಲ್ಲದೆ ಮಾರುವ ಅಗ್ಗದ ಮಾಲಿನ ಮುಖ್ಯ ದೋಷವೂ ಇದೇ. ಮತ್ತಿ, ಹೊನ್ನೆ, ಹೆಬ್ಬಲಸು ಇವು ಹೆಸರಿರುವ ಒಳ್ಳೆಯ ಮರಗಳು. ನಮ್ಮ ಮಲೆನಾಡಿನ ಮನೆಗಳಲ್ಲಿ ಬಾಳಿ ತೋರಿಸಿವೆ. ಅವುಗಳೂ ಚೆನ್ನಾಗಿ ಒಣಗಿದ್ದರಷ್ಟೇ ಕೊಳ್ಳಿ.

ಎಷ್ಟು ಮರ ಬೇಕು ಎಂಬ ಲೆಕ್ಕವನ್ನು ನೀವೇ ಹಾಕಿ, ಬಡಗಿಗೆ ಬಿಡಬೇಡಿ. ನಾಲ್ಕು ಅಡಿಗೆ ನಾಲ್ಕು ಅಡಿ ಕಿಟಕಿ. ಸುತ್ತಲ ಚೌಕಟ್ಟು 16 ಅಡಿ, ನಡುಗಂಬ 4 ಅಡಿ, ಒಟ್ಟು 20 ಅಡಿ. ಪಟ್ಟಿಯ ಗಾತ್ರ 4 ಇಂಚಿಗೆ ಎರಡೂವರೆ ಇಂಚು. ಎರಡನ್ನೂ ಗುಣಿಸಿದರೆ 10, ಅದನ್ನು 20ರಿಂದ ಗುಣಿಸಿ 144ರಿಂದ ಭಾಗಿಸಿ: 1.39 ಘನ ಅಡಿ. ಎರಡು ಬಾಗಿಲಿಗೆ 3 ಇಂಚಿಗೆ ಒಂದೂವರೆ ಇಂಚಿನ ಪಟ್ಟಿ 24 ಅಡಿ: 0.75 ಘನ ಅಡಿ. ಕೂಡಿಸಿದರೆ 2.14. ಕೊಯ್ತದ ಪೋಲು ಸೇರಿಸಿ ಎರಡೂವರೆ ಘನ ಅಡಿ. ಇದನ್ನು ಆ ದಿನದ ದರದಿಂದ ಗುಣಿಸಿ, ಬಡಗಿಯ ಕೂಲಿ, ಗಾಜು, ತಿರುಗಣೆ, ಕೊಂಡಿ, ಪಾಲಿಶ್ ಸೇರಿಸಿ. ಆಗ ಬರುವ ಮೊತ್ತವನ್ನು 16 ಚದರ ಅಡಿಯ ಯುಪಿವಿಸಿ ಕಿಟಕಿಯ ಮೊತ್ತದ ಪಕ್ಕ ಇಡಿ. ಅದಕ್ಕೆ ಮುಂಚೆ ‘ಮರ ದುಬಾರಿ’, ‘ಪ್ಲಾಸ್ಟಿಕ್ ಅಗ್ಗ’ ಎಂಬ ಮಾತುಗಳಿಗೆ ಅರ್ಥವಿಲ್ಲ.

ಬಾಳುವೆಯ ಖರ್ಚೂ ಇದೆ. ಬಿಸಿಲಿಗೆ ಒಡ್ಡಿದ ಮರಕ್ಕೆ ಎರಡು-ಮೂರು ವರ್ಷಕ್ಕೊಮ್ಮೆ ಪಾಲಿಶ್ ಇಲ್ಲವೇ ಅಗಸೆ ಎಣ್ಣೆ ಬೇಕು. ಎಣ್ಣೆ ಬಣ್ಣವಾದರೆ ನಾಲ್ಕೈದು ವರ್ಷ ತಡೆಯುತ್ತದೆ. ಮಾಡಿಸುವ ಕೈ ಮನೆಯಲ್ಲಿದ್ದರೆ, ನೆರಳಿರುವ ಉತ್ತರ-ಪೂರ್ವದ ಗೋಡೆಯಾದರೆ ಮರ ಹಾಕಿಸಿ, ಚೆನ್ನಾಗಿರುತ್ತದೆ. ಮಕ್ಕಳು ಹೊರದೇಶದಲ್ಲಿ, ಮನೆಯಲ್ಲಿ ಇಬ್ಬರೇ ಹಿರಿಯರು, ಏಣಿ ಹತ್ತುವವರಿಲ್ಲ ಎನ್ನುವ ಮನೆಗೆ ಮರದ ಕಿಟಕಿಯ ಉಪಚಾರ ಹೊರೆಯಾಗುತ್ತದೆ. ಅಂಥವರಿಗೆ ನಾನು ಯುಪಿವಿಸಿಯನ್ನೇ ಹೇಳುತ್ತೇನೆ.

ಯುಪಿವಿಸಿ ಕೊಳ್ಳುವವರಿಗೆ

ವಿದೇಶದ ಬರಹಗಳಲ್ಲಿ ವಿನೈಲ್ ಕಿಟಕಿ ಎನ್ನುವುದು ಇದನ್ನೇ. 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿ, ನಮ್ಮ ಪೇಟೆಗೆ 2000ದ ನಂತರ ಹರಡಿದ ವಸ್ತು. ಚಳಿದೇಶದ ಕಿಟಕಿಯನ್ನು ನಮ್ಮ ಬಿಸಿಲಿಗೆ ತಂದಾಗ ಮುಖ್ಯವಾಗುವುದು ಅದರೊಳಗಿನ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಅತಿನೇರಳೆ ಕಿರಣವನ್ನು ತಡೆಯುವುದು ಅದೇ. ದುಬಾರಿಯಾದ ಆ ಪುಡಿಯನ್ನು ಉಳಿಸಿ ಸುಣ್ಣಕಲ್ಲಿನ ಪುಡಿ ಹೆಚ್ಚು ಬೆರೆಸಿದ ಪಟ್ಟಿಗಳು ಕೆಲವೇ ವರ್ಷದಲ್ಲಿ ಹಳದಿಗಟ್ಟಿ, ಮುಟ್ಟಿದರೆ ಬಿಳಿ ಹುಡಿ ಅಂಟಿ, ಕಡೆಗೆ ಬಿರುಕು ಬಿಡುತ್ತವೆ. ಯುರೋಪಿನ ಇಎನ್ 12608 ಮಾನದಂಡ ಬಿಸಿಲಿನ ಪ್ರದೇಶಗಳಿಗೆ ‘ಎಸ್’ ಎಂಬ ಬೇರೆ ದರ್ಜೆಯನ್ನೇ ಇಟ್ಟಿದೆ. ನಮಗೆ ಬೇಕಾದದ್ದು ಆ ದರ್ಜೆಯ ಪಟ್ಟಿ. ಭಾರತೀಯ ಮಾನಕ ಬ್ಯೂರೋ ಕೂಡ 2023ರಲ್ಲಿ ಐಎಸ್ 17953 ಎಂಬ ಮಾನದಂಡ ತಂದಿದೆ. ಇವೆರಡರಲ್ಲಿ ಒಂದನ್ನು ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಅಂಗಡಿಯಲ್ಲಿ ಕೇಳಬೇಕಾದದ್ದು ಕೊಯ್ದ ಒಂದು ಮೂಲೆಯ ತುಂಡನ್ನು. ಕೈಗೆ ತೆಗೆದುಕೊಂಡರೆ ಒಳಗಿನ ಕೋಣೆಗಳು ಜೇನುಗೂಡಿನಂತೆ ಕಾಣುತ್ತವೆ. ಕೋಣೆಗಳ ಸಂಖ್ಯೆಗೆ ಮರುಳಾಗಬೇಡಿ, ಅದು ಹೆಚ್ಚು ಉಪಯೋಗಕ್ಕೆ ಬರುವುದು ಹಿಮ ಬೀಳುವ ಊರುಗಳಲ್ಲಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಪಟ್ಟಿಯ ಹೊರಗೆ ಕಾಣುವ ಗೋಡೆಯ ದಪ್ಪ ಅಳೆಯಿರಿ. ಇಎನ್ 12608ರಲ್ಲಿ ದಪ್ಪದ ‘ಎ’ ದರ್ಜೆಗೆ ಕನಿಷ್ಠ 2.8 ಮಿಲಿಮೀಟರ್, ‘ಬಿ’ ದರ್ಜೆಗೆ 2.5. ಆಮೇಲೆ ಮಧ್ಯದ ಕೋಣೆಯೊಳಗೆ ಸತು ಲೇಪಿಸಿದ ಕಬ್ಬಿಣದ ಪಟ್ಟಿ ಇದೆಯೇ ನೋಡಿ. ಯುಪಿವಿಸಿ ತಾನಾಗಿ ಬಾಗುವ ವಸ್ತು, ಬಯಲಿನ ಗಾಳಿಗೆ ಎದುರು ನಿಲ್ಲುವುದು ಆ ಕಬ್ಬಿಣ. ತೋರಿಸಿದ ತುಂಡಿನಲ್ಲಿ ಕಬ್ಬಿಣ ಇದ್ದು, ಮನೆಗೆ ಬಂದ ಕಿಟಕಿಯಲ್ಲಿ ಇಲ್ಲದಿರುವುದೂ ಆಗುತ್ತದೆ. ಅದಕ್ಕೆ ಸುಲಭ ಪರೀಕ್ಷೆ ಉಂಟು: ಒಂದು ಬಲವಾದ ಅಯಸ್ಕಾಂತವನ್ನು ಚೌಕಟ್ಟಿನುದ್ದಕ್ಕೂ, ಬಾಗಿಲಿನ ಪಟ್ಟಿಯುದ್ದಕ್ಕೂ ಜಾರಿಸುತ್ತಾ ಹೋಗಿ. ಕಬ್ಬಿಣ ಇದ್ದ ಕಡೆ ಹಿಡಿಯುತ್ತದೆ, ಇಲ್ಲದ ಕಡೆ ಜಾರಿ ಬೀಳುತ್ತದೆ. ತಿರುಗಣೆ, ಬೀಗ ಕೂಡುವ ಜಾಗಗಳಲ್ಲಿ ಹಿಡಿಯಲೇಬೇಕು.

ಮರದ ಗೆರೆಯ ಕಂದು ಫಿಲ್ಮ್ ಅಂಟಿಸಿದ ಯುಪಿವಿಸಿಗೆ ಈಗ ಬೇಡಿಕೆ ಹೆಚ್ಚು. ಗಾಢ ಬಣ್ಣ ಬಿಸಿಲನ್ನು ಹೀರಿ ಬಿಳಿಯದಕ್ಕಿಂತ ಬಹಳ ಕಾಯುತ್ತದೆ. ಈ ವಸ್ತು ಸುಮಾರು 75–80 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ ಎಂಬುದು ನೆನಪಿರಲಿ. ಪಶ್ಚಿಮ, ದಕ್ಷಿಣದ ಗೋಡೆಗೆ ಬಿಳಿಯೇ ಇರಲಿ. ಮರದ ನೋಟ ಬೇಕಾದವರು ಮರವನ್ನೇ ಹಾಕಿಸುವುದು ಮೇಲು.

ಸರಳು, ಗಾಳಿ, ನೀರು

ಹಳೆಯ ಮರದ ಕಿಟಕಿಯ ಕಬ್ಬಿಣದ ಸರಳುಗಳು ಚೌಕಟ್ಟನ್ನೇ ತೂರಿ ಕೂತಿರುತ್ತವೆ. ಚೌಕಟ್ಟು ಹೋದರೆ ಸರಳೂ ಹೋಯಿತು. ದರ ಕೇಳುವಾಗ ಬಹಳ ಜನ ಮರೆಯುವುದು ಇದನ್ನೇ. ಯುಪಿವಿಸಿಗೆ ಗ್ರಿಲ್ ತಿರುಪಿಸಿದರೆ ಕಳ್ಳನ ಒಂದು ಸಲಾಕೆಗೆ ಎರಡೂ ಒಟ್ಟಿಗೆ ಬರುತ್ತವೆ. ಗ್ರಿಲ್ ಗೋಡೆಗೆ ಇಲ್ಲವೇ ಗ್ರಾನೈಟ್ ಪಟ್ಟಿಯ ಹಿಂದಿನ ಇಟ್ಟಿಗೆಗೆ ಕೂಡಬೇಕು, ಕಿಟಕಿಗಿಂತ ಮೊದಲು ಕೂಡಬೇಕು. ಬೆಸುಗೆಯ ಕಿಡಿ ಹೊಸ ಚೌಕಟ್ಟಿನ ಮೇಲೆ ಬಿದ್ದರೆ ಆ ಕಲೆ ಹೋಗುವುದಿಲ್ಲ.

ತೆರೆಯುವ ಬಗೆಯೂ ಚೌಕಟ್ಟಿನಷ್ಟೇ ಮುಖ್ಯ. ಮರದ ಕಿಟಕಿ ತೆರೆದರೆ ಪೂರ್ತಿ ತೆರೆಯುತ್ತದೆ. ಜಾರುಕಿಟಕಿ ಎಷ್ಟೇ ದೊಡ್ಡದಿರಲಿ, ಎರಡು ಹಳಿಯದಾದರೆ ತೆರೆಯುವುದು ಅರ್ಧವೇ. ಸಾಸವಡದಲ್ಲಿ ಬೇಸಿಗೆಯ ಹಗಲು ಎಷ್ಟು ಸುಟ್ಟರೂ ರಾತ್ರಿ ಗಾಳಿ ತಂಪಾಗಿ ಬರುತ್ತದೆ. ಆ ಗಾಳಿಯನ್ನು ಅರ್ಧ ಮಾಡಿಕೊಂಡು ಎಸಿ ಕೊಳ್ಳುವುದು ನಷ್ಟದ ವ್ಯಾಪಾರ. ಮಲಗುವ ಕೋಣೆಗೆ ಹೊರಕ್ಕೆ ತೆರೆಯುವ ಬಾಗಿಲಿನ ಯುಪಿವಿಸಿ ಹಾಕಿಸಿ, ಒಳಗೆ ಸೊಳ್ಳೆ ಜಾಲರಿ ಇರಲಿ. ಜಾರುಕಿಟಕಿ ಬೇಕಿದ್ದರೆ ಬಾಲ್ಕನಿಗೆ ಸಾಕು. ಅದರ ಹಳಿಯಲ್ಲಿ ಇಲ್ಲಿಯ ಧೂಳು ತುಂಬಿ ಚಕ್ರ ಸವೆಯುತ್ತದೆ, ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು.

ಖರ್ಚು ಉಳಿಸಲು ಹಳೆಯ ಮರದ ಚೌಕಟ್ಟನ್ನು ಹಾಗೇ ಬಿಟ್ಟು ಅದರೊಳಗೆ ಯುಪಿವಿಸಿ ಕೂಡಿಸುವ ಪದ್ಧತಿ ಇದೆ. ಗೋಡೆ ಒಡೆಯುವುದು ತಪ್ಪುತ್ತದೆ ನಿಜ. ಆದರೆ ನಾಲ್ಕು ಅಡಿಯ ಕಿಟಕಿಯಲ್ಲಿ ಹಳೆಯ ಚೌಕಟ್ಟು ಎರಡೂ ಬದಿ ಸೇರಿ 5 ಇಂಚು, ಹೊಸ ಚೌಕಟ್ಟು ಮತ್ತು ಬಾಗಿಲಿನ ಪಟ್ಟಿ ಸೇರಿ ಮತ್ತೆ 8 ಇಂಚಿನಷ್ಟು ತಿನ್ನುತ್ತದೆ. ನಡುಗಂಬ ಬೇರೆ. 48 ಇಂಚಿನಲ್ಲಿ ಬೆಳಕಿಗೆ ಉಳಿಯುವುದು ಮೂವತ್ತರ ಆಸುಪಾಸು. ಹಳೆಯ ಚೌಕಟ್ಟಿಗೆ ಗೆದ್ದಲು ಹಿಡಿದಿದ್ದರಂತೂ ಅದನ್ನು ಒಳಗೆ ಮುಚ್ಚಿಡಬಾರದು.

ಕೂಡಿಸುವ ದಿನ ಪಕ್ಕದಲ್ಲೇ ಇರಿ. ಚೌಕಟ್ಟಿನ ಎರಡು ಕರ್ಣಗಳನ್ನು ಟೇಪಿನಿಂದ ಅಳೆಸಿ, ಎರಡೂ ಒಂದೇ ಬರಬೇಕು. ಗೋಡೆಗೆ ಹಾಕುವ ಬೋಲ್ಟು ಮೂಲೆಯಿಂದ ಒಂದು ಗೇಣೊಳಗೆ ಒಂದು, ಆಮೇಲೆ ಎರಡು ಅಡಿಗೊಂದು. ಕೆಲಸ ಮುಗಿದ ಮೇಲೆ ಒಂದು ಮಗ್ ನೀರನ್ನು ಕೆಳಗಿನ ಹಳಿಗೆ ಸುರಿಯಿರಿ. ಯುಪಿವಿಸಿ ಚೌಕಟ್ಟಿನ ಹೊರಮುಖದ ಕೆಳಗೆ ಸಣ್ಣ ಸೀಳು ತೂತುಗಳಿರುತ್ತವೆ, ಆ ನೀರು ಅಲ್ಲಿಂದ ಗೋಡೆಯ ಹೊರಗೆ ಬೀಳಬೇಕು. ಒಳಗೇ ನಿಂತರೆ ತೂತನ್ನು ಸಿಲಿಕೋನ್ ಮುಚ್ಚಿದೆ, ಇಲ್ಲವೇ ಕೆಳಕಟ್ಟೆಯ ಇಳಿಜಾರು ಒಳಕ್ಕಿದೆ. ಎರಡನ್ನೂ ಆಗಲೇ ಸರಿಮಾಡಿಸಿ, ಆಮೇಲೆ ಕೊನೆಯ ಕಂತು ಕೊಡಿ. ಚೌಕಟ್ಟಿನ ಮೇಲಿನ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ತಿಂಗಳೊಳಗೆ ಸುಲಿಯಿರಿ, ಬಿಟ್ಟರೆ ಬಿಸಿಲಿಗೆ ಅಂಟಿ ಕೂರುತ್ತದೆ. ಒರೆಸಲು ಸೋಪಿನ ನೀರು ಸಾಕು, ಥಿನ್ನರ್ ತಾಗಿಸಬೇಡಿ.

ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿ. ಫ್ಲ್ಯಾಟಿನವರು ಹೊರಮುಖದ ಬಣ್ಣ, ಆಕಾರ ಬದಲಿಸುವುದಾದರೆ ಸೊಸೈಟಿಯ ಒಪ್ಪಿಗೆ ಪತ್ರ ಮೊದಲು ತೆಗೆದುಕೊಳ್ಳಬೇಕು. ದರಪಟ್ಟಿಯಲ್ಲಿ ಜಿಎಸ್‌ಟಿ, ಸಾಗಣೆ, ಹಳೆಯದನ್ನು ಕೀಳುವ ಕೂಲಿ, ಪ್ಲಾಸ್ಟರ್ ದುರಸ್ತಿ, ಜಾಲರಿ ಸೇರಿವೆಯೇ ಎಂದು ಒಂದೊಂದಾಗಿ ಬರೆಸಿಕೊಳ್ಳಿ.

ಕಿತ್ತ ಹಳೆಯ ಸಾಗುವಾನಿಯನ್ನು ‘ನಾವೇ ಒಯ್ಯುತ್ತೇವೆ, ನಿಮಗೆ ಸಾಗಿಸುವ ಖರ್ಚು ಉಳಿಯಿತು’ ಎನ್ನುವವರಿಗೆ ಕೊಟ್ಟುಬಿಡಬೇಡಿ. ವಾಡೆ ಮನೆಗಳ ಹಳೆಯ ಮರಕ್ಕೆ ಪುಣೆಯಲ್ಲಿ ಕೊಳ್ಳುವವರಿದ್ದಾರೆ. ಎರಡು-ಮೂರು ತಲೆಮಾರು ಒಣಗಿದ, ಇನ್ನು ಸೀಳದ, ತಿರುಚಿಕೊಳ್ಳದ ಮರ ಅದು. ಮೊಳೆ ತೆಗೆಸಿ, ಕೊಳೆತ ತುದಿ ಕೊಯ್ಯಿಸಿ, ಘನ ಅಡಿ ಅಳೆದು ಮಾರಿ. ಅಥವಾ ಅದೇ ಬಡಗಿಯ ಕೈಯಲ್ಲಿ ಉಳಿದ ಕಿಟಕಿಗಳ ಕೊಳೆತ ಕೆಳಪಟ್ಟಿಗಳನ್ನು ಅದರಿಂದಲೇ ಬದಲಿಸಿಕೊಳ್ಳಿ. ಹಳೆಯ ಮರಕ್ಕೆ ಹಳೆಯ ಮರವೇ ಸರಿಯಾಗಿ ಕೂಡುತ್ತದೆ, ಎರಡೂ ಒಂದೇ ಸಮ ಆಡುತ್ತವೆ.